ಕೊನೆಯ ಚಮಚ ತುಪ್ಪ: ಬೆಂಗಳೂರಿನಲ್ಲಿ ವೀಗನ್ ಆಗುವುದು, ಆಗಿ ಉಳಿಯುವುದು

ಬೆಂಗಳೂರಿನ ಯಾವುದೇ ಸಸ್ಯಾಹಾರಿ ಮನೆಯ ಮಧ್ಯಾಹ್ನದ ಅಡುಗೆಯನ್ನು ಒಲೆಯ ಪಕ್ಕದಲ್ಲಿ ನಿಂತು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಬೇಳೆ ಬೆಂದು, ಹುಣಸೆ ರಸ ಬಿದ್ದು, ಸಾರಿನ ಪುಡಿ ಕುದಿದು, ಹುರುಳಿಕಾಯಿ ಪಲ್ಯಕ್ಕೆ ಕಾಯಿತುರಿ ಉದುರುವವರೆಗೂ ಆ ಅಡುಗೆಮನೆಯಲ್ಲಿ ಪ್ರಾಣಿಗಳಿಂದ ಬಂದ ಪದಾರ್ಥ ಒಂದೂ ಬಳಕೆಯಾಗಿರುವುದಿಲ್ಲ. ಸಾರಿನ ಒಗ್ಗರಣೆಗೆಂದು ತುಪ್ಪದ ಡಬ್ಬಿ ತೆರೆದಾಗ, ಬಿಸಿ ಅನ್ನದ ಮೇಲೆ ಇನ್ನೊಂದು ಚಮಚ ಬಿದ್ದಾಗ, ಕೊನೆಗೆ ಮೊಸರಿನ ಪಾತ್ರೆ ಬಂದಾಗ ಮಾತ್ರ ಅದು ವೀಗನ್ ಅಲ್ಲದ ಊಟವಾಗುತ್ತದೆ. ಆದ್ದರಿಂದ ನಮ್ಮ ಊರಿನಲ್ಲಿ ವೀಗನ್ ಆಗಲು ಹೊರಟವರು ಹೊಸ ಅಡುಗೆ ಕಲಿಯುವ ಮೊದಲು ಹಳೆಯ ಅಡುಗೆಯ ಆ ಕೊನೆಯ ಚಮಚದ ಮೇಲೆ ಕಣ್ಣಿಡಬೇಕು. ನಾನು ಇದನ್ನು ತಿಳಿಯದೆ ಮೊದಲ ತಿಂಗಳು ಬಾದಾಮಿ ಹಾಲು, ಗೋಡಂಬಿ ಚೀಸ್ ಎಂದು ಸಂಬಳದ ಒಂದು ಭಾಗವನ್ನೇ ಕಳೆದೆ. ಮನೆಯ ಡಬ್ಬಿಗಳಲ್ಲಿದ್ದ ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿಗಳೇ ಸಾಕಾಗುತ್ತಿದ್ದವು ಎಂಬುದು ಅರ್ಥವಾದದ್ದು ಆಮೇಲೆ.

ವೀಗನ್ ಎಂಬ ಪದವನ್ನು 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವ್ಯಾಟ್ಸನ್ ಮತ್ತು ಅವರ ಜೊತೆಗಾರರು ಬಳಕೆಗೆ ತಂದರು. ಮಾಂಸದ ಜೊತೆಗೆ ಹಾಲು, ಮೊಟ್ಟೆಗಳನ್ನೂ ಬಿಟ್ಟ ಸಸ್ಯಾಹಾರಿಗಳಿಗೆ ಬೇರೆಯದೇ ಹೆಸರು ಬೇಕಾಗಿತ್ತು. ನಮ್ಮಲ್ಲಿ ತೊಡಕು ಹುಟ್ಟುವುದೂ ಇಲ್ಲಿಯೇ, ಏಕೆಂದರೆ ಕನ್ನಡದ "ಶುದ್ಧ ಸಸ್ಯಾಹಾರ"ದಲ್ಲಿ ಹಾಲು, ತುಪ್ಪಗಳು ಶುದ್ಧಿಯ ಗುರುತಾಗಿಯೇ ನಿಂತಿವೆ. ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯೂ ಇದೇ ಅರ್ಥದ್ದು: ಹಾಲಿನ ಪುಡಿ ಇರುವ ಬಿಸ್ಕತ್ತಿಗೂ ಜೇನುತುಪ್ಪದ ಬಾಟಲಿಗೂ ಅದು ಇರುತ್ತದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ ವೀಗನ್ ಆಹಾರಕ್ಕೆಂದು ಪ್ರತ್ಯೇಕ ನಿಯಮಗಳನ್ನು ತಂದು, ಎಲೆಯನ್ನು ಹೊತ್ತ ವಿ ಅಕ್ಷರದ ಹಸಿರು ಮುದ್ರೆಯನ್ನು ಗೊತ್ತುಮಾಡಿದೆ. ಆದರೆ ಅವಲಕ್ಕಿ, ಹುರಿಗಡಲೆಯಂತಹ ನಿತ್ಯದ ಪದಾರ್ಥಗಳ ಮೇಲೆ ಆ ಮುದ್ರೆಯನ್ನು ಹುಡುಕುವುದು ವ್ಯರ್ಥ. ಪದಾರ್ಥಗಳ ಪಟ್ಟಿಯನ್ನು ಓದುವುದೇ ದಾರಿ. ಹಾಲಿನ ಘನಾಂಶ, ವೇ, ಕೇಸಿನ್, ಲ್ಯಾಕ್ಟೋಸ್ ಎಂಬ ಹೆಸರುಗಳು ಕಂಡರೆ ಅದು ಹಾಲೇ. ಅಲರ್ಜಿಯ ಸೂಚನೆಯಲ್ಲಿ "ಹಾಲು ಇದೆ" ಎಂದು ಬರೆದಿರುವುದನ್ನು ಮೊದಲು ನೋಡಿಕೊಂಡರೆ ಅರ್ಧ ಓದು ಉಳಿಯುತ್ತದೆ.

ಯಾವುದನ್ನು ಮೊದಲು ಬಿಡಬೇಕು

ಒಂದು ವಾರದ ಮಟ್ಟಿಗೆ ಏನನ್ನೂ ಬಿಡದೆ, ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡುವುದು ನಾನು ಕಂಡ ಅತ್ಯುತ್ತಮ ಆರಂಭ. ಚಿತ್ರಾನ್ನ, ಪುಳಿಯೋಗರೆ, ಅಕ್ಕಿರೊಟ್ಟಿ, ರಾಗಿಮುದ್ದೆಯ ಜೊತೆಗಿನ ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರು, ಕೋಸಂಬರಿ, ಗೊಜ್ಜು ಇವೆಲ್ಲ ಮೊದಲಿನಿಂದಲೂ ವೀಗನ್ ಆಗಿಯೇ ಇವೆ. ಡಿಸೆಂಬರ್, ಜನವರಿಯ ಸೊಗಡವರೆಯ ಕಾಲದಲ್ಲಿ ಮಾಡುವ ಹಿತಕಿದಬೇಳೆ ಸಾರಿಗೂ ಏನೂ ಸೇರಿಸಬೇಕಿಲ್ಲ, ಏನೂ ತೆಗೆಯಬೇಕಿಲ್ಲ. ಹಾಳೆಯಲ್ಲಿ ಹಾಲಿನ ಪದಾರ್ಥಗಳಿಗೆ ಮಾತ್ರ ಗೆರೆ ಎಳೆಯುತ್ತ ಹೋದರೆ, ಹೆಚ್ಚಿನವರಿಗೆ ಕೊನೆಯಲ್ಲಿ ಉಳಿಯುವುದು ನಾಲ್ಕೇ ಹೆಸರು: ತುಪ್ಪ, ಕಾಫಿಯ ಹಾಲು, ಮೊಸರು, ಸಿಹಿತಿಂಡಿ. ಮೊಟ್ಟೆ, ಮೀನು, ಮಾಂಸ ತಿನ್ನುವವರ ಹಾಳೆ ಇದಕ್ಕಿಂತ ಉದ್ದವಾಗುತ್ತದೆ, ಆದರೂ ಅವರಲ್ಲಿ ಹಲವರಿಗೆ ಬಿರಿಯಾನಿಗಿಂತ ಮೊಸರನ್ನು ಬಿಡುವುದೇ ಕಷ್ಟವೆನಿಸಿದ್ದನ್ನು ನಾನು ನೋಡಿದ್ದೇನೆ.

ಎಲ್ಲವನ್ನೂ ಒಂದೇ ಸೋಮವಾರ ಬಿಡುವ ಸಂಕಲ್ಪ ಮಾಡುವುದಕ್ಕಿಂತ ಈ ನಾಲ್ಕನ್ನು ಸುಲಭದಿಂದ ಕಷ್ಟದ ಕಡೆಗೆ ಸಾಲಾಗಿ ಇಟ್ಟುಕೊಳ್ಳಬೇಕು. ತುಪ್ಪ ಮೊದಲು ಹೋಗಲಿ. ತಿಳಿಸಾರಿಗೆ ಕಡಲೆಕಾಯಿ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಇಂಗನ್ನು ಎಂದಿಗಿಂತ ಒಂದು ಚಿಟಿಕೆ ಹೆಚ್ಚು ಹಾಕಿ, ಕರಿಬೇವು ಗರಿಗರಿಯಾದ ಕೂಡಲೇ ಮುಚ್ಚಳ ಮುಚ್ಚಿಟ್ಟರೆ ಮೂರನೆಯ ದಿನಕ್ಕೆ ತುಪ್ಪದ ನೆನಪು ಮಸುಕಾಗುತ್ತದೆ. ಬಿಸಿಬೇಳೆಬಾತಿಗೆ ಮಾತ್ರ ತೆಂಗಿನೆಣ್ಣೆಯಲ್ಲಿ ಹುರಿದ ಗೋಡಂಬಿ ಚೆನ್ನಾಗಿ ಹೊಂದುತ್ತದೆ. ಸಿಹಿ ಎರಡನೆಯದು. ಮೈಸೂರುಪಾಕು, ಧಾರವಾಡ ಪೇಡಗಳಿಗೆ ಬದಲಿ ಹುಡುಕುವ ಗೋಜಿಗೆ ಹೋಗದೆ, ಹಾಲಿಲ್ಲದೆಯೇ ಹುಟ್ಟಿದ ಸಿಹಿಗಳನ್ನು ಹಿಡಿಯುವುದು ಜಾಣತನ: ಕಡಲೆಕಾಯಿ ಉಂಡೆ, ಎಳ್ಳುಬೆಲ್ಲ, ಚಿಗಳಿ, ಕಾಯಿಕಡುಬು, ಗಸಗಸೆ ಪಾಯಸ. ಒಬ್ಬಟ್ಟಿನ ಕಣಕಕ್ಕೂ ಹೂರಣಕ್ಕೂ ತುಪ್ಪ ಬೇಕಿಲ್ಲ. ಎಣ್ಣೆಯಲ್ಲಿ ಬೇಯಿಸಿ, ಬಡಿಸುವಾಗ ಕಾಯಿಹಾಲು ಹಾಕಿಕೊಳ್ಳಬಹುದು. ಪಾಯಸಕ್ಕೆ ಕಾಯಿಹಾಲು ಬಳಸುವವರು ಬೆಲ್ಲವನ್ನು ಪೂರ್ತಿ ಕುದಿಸಿ, ಉರಿ ಆರಿಸಿ, ಸ್ವಲ್ಪ ಬಿಸಿ ಇಳಿದ ಮೇಲೆ ಗಟ್ಟಿ ಹಾಲನ್ನು ಸೇರಿಸಬೇಕು. ಕುದಿಯುವಾಗ ಸುರಿದರೆ ಅದು ಒಡೆದು, ಮೇಲೆ ಎಣ್ಣೆ ತೇಲಿ, ಮಾಡಿದವರ ಮುಖವೂ ಹಾಗೆಯೇ ಆಗುತ್ತದೆ.

ಅಡಗಿ ಕುಳಿತಿರುವ ಕೆಲವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಮಜ್ಜಿಗೆ ಮೆಣಸಿನಕಾಯಿ ಹೆಸರಿನಲ್ಲಿಯೇ ಸಾರಿ ಹೇಳುತ್ತಿದ್ದರೂ ಕರಿದು ತಟ್ಟೆಗೆ ಬಿದ್ದಾಗ ಯಾರಿಗೂ ನೆನಪಾಗುವುದಿಲ್ಲ. ಬೆಣ್ಣೆ ಚಕ್ಕುಲಿ, ಕೆಲವು ಮನೆಗಳ ಕೋಡುಬಳೆ, ಮದ್ದೂರು ವಡೆಯ ಹಿಟ್ಟು, ತಂಬಿಟ್ಟು ಇವುಗಳನ್ನು ಕೇಳದೆ ತಿನ್ನಬಾರದು. ಅಯ್ಯಂಗಾರ್ ಬೇಕರಿಯಲ್ಲಿ ಮೊಟ್ಟೆ ಇಲ್ಲವೆಂದು ನಂಬಿ ಎಲ್ಲವನ್ನೂ ವೀಗನ್ ಎಂದುಕೊಳ್ಳುವುದು ತಪ್ಪು. ಕಾಂಗ್ರೆಸ್ ಕಡಲೆಕಾಯಿ ನಿಮ್ಮದು, ಅದೇ ಕಡಲೆಕಾಯಿಯನ್ನು ಬೆಣ್ಣೆಯೊಂದಿಗೆ ತುಂಬಿದ ಬನ್ ನಿಮ್ಮದಲ್ಲ.

ಮೊಸರು ಎಂಬ ದೊಡ್ಡ ಹೊಳೆ

ಮೊಸರನ್ನ ಉಣ್ಣದೆ ಊಟ ಮುಗಿಯಿತೆಂದು ಒಪ್ಪದ ನಾಲಿಗೆ ನಮ್ಮದು. ನಾನು ಮೊದಲ ಸಲ ಸೋತದ್ದೂ ಇಲ್ಲಿಯೇ: ಒಂಬತ್ತನೆಯ ದಿನ ರಾತ್ರಿ ಹನ್ನೊಂದಕ್ಕೆ, ದೀಪವನ್ನೂ ಹಾಕದೆ, ಫ್ರಿಜ್ಜಿನ ಬೆಳಕಿನಲ್ಲಿ ನಿಂತು ಮಾವಿನಕಾಯಿ ಉಪ್ಪಿನಕಾಯಿಯ ಜೊತೆ ಒಂದು ಬಟ್ಟಲು ಮೊಸರನ್ನ ತಿಂದೆ. ಬದಲಿಯನ್ನು ಸಿದ್ಧಮಾಡಿಕೊಳ್ಳದೆ ಮೊಸರು ಬಿಡಬಾರದು ಎಂಬ ಪಾಠ ಅಂದು ಸಿಕ್ಕಿತು. ಅಂಗಡಿಯ ಸಸ್ಯಮೂಲದ ಮೊಸರು ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ಕಡಲೆಕಾಯಿ ಮೊಸರನ್ನು ಮನೆಯಲ್ಲಿ ಹೆಪ್ಪುಹಾಕುವುದು ಕಲಿತರೆ ಸಾಕು.

ಒಂದು ಲೋಟ ಹಸಿ ಕಡಲೆಕಾಯಿ ಬೀಜವನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಬೀಜಗಳನ್ನು ಅಂಗೈಯಲ್ಲಿ ಉಜ್ಜಿ ಕೆಂಪು ಸಿಪ್ಪೆಯನ್ನು ತೆಗೆಯಬೇಕು. ಸಿಪ್ಪೆ ಉಳಿದಷ್ಟೂ ಮೊಸರಿಗೆ ಒಗರು ಬರುತ್ತದೆ, ಆದ್ದರಿಂದ ಇಲ್ಲಿ ಸೋಮಾರಿತನ ಬೇಡ. ಮೂರು ಲೋಟ ನೀರಿನೊಂದಿಗೆ ನುಣ್ಣಗೆ ರುಬ್ಬಿ, ತೆಳು ಪಂಚೆಯ ಬಟ್ಟೆಯಲ್ಲಿ ಹಿಂಡಿ ಸೋಸಿದರೆ ಹಾಲು ಸಿದ್ಧ. ಅದನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತ ಕುದಿಸಬೇಕು. ದನದ ಹಾಲಿಗಿಂತ ಬೇಗ ತಳ ಹಿಡಿಯುತ್ತದೆ, ನೊರೆಯೆದ್ದು ಉಕ್ಕುವುದಂತೂ ಇನ್ನೂ ಬೇಗ. ಉಗುರು ಬೆಚ್ಚಗಾದ ಮೇಲೆ ಹೆಪ್ಪು ಬೇಕು. ಮೊದಲ ಸಲ ಹೆಪ್ಪಿಗೆ ಹಸಿಮೆಣಸಿನಕಾಯಿಯ ತೊಟ್ಟುಗಳೇ ಸಾಕು: ಎಂಟು ಹತ್ತು ಮೆಣಸಿನಕಾಯಿಗಳನ್ನು ತೊಳೆದು, ತೊಟ್ಟನ್ನು ಟೋಪಿಯ ಸಮೇತ ಕಿತ್ತು ಹಾಲಿನಲ್ಲಿ ಮುಳುಗಿಸಿ, ಮುಚ್ಚಿ, ಬೆಚ್ಚಗಿನ ಮೂಲೆಯಲ್ಲಿ ಅಲುಗಾಡಿಸದೆ ಇಡಬೇಕು. ತೊಟ್ಟಿನ ಮೇಲೆ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳು ಹಾಲನ್ನು ಹುಳಿಯಾಗಿಸುತ್ತವೆ. ಏಪ್ರಿಲ್‌ನಲ್ಲಿ ಎಂಟು ಗಂಟೆಯಲ್ಲಿ ಆಗುವ ಕೆಲಸ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಹದಿನಾಲ್ಕು ಗಂಟೆಯನ್ನೂ ತೆಗೆದುಕೊಳ್ಳಬಹುದು. ಆಗ ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡುವುದು ನನ್ನ ಪದ್ಧತಿ. ಮೊದಲ ಮೊಸರಿಗೆ ತುಸು ಹಸಿ ವಾಸನೆ ಇರುತ್ತದೆ. ಅದನ್ನು ತೀರ್ಪೆಂದು ತಿಳಿಯದೆ, ಅದರಿಂದ ಎರಡು ಚಮಚ ತೆಗೆದು ಮುಂದಿನದಕ್ಕೆ ಹೆಪ್ಪು ಹಾಕಿದರೆ ಎರಡನೆಯ, ಮೂರನೆಯ ಸಲಕ್ಕೆ ಗಟ್ಟಿಯಾಗಿ, ಹುಳಿ ಹದವಾಗಿ ಬರುತ್ತದೆ. ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆ ಬಿದ್ದ ಮೇಲೆ ಅನ್ನಕ್ಕೆ ವ್ಯತ್ಯಾಸ ತಿಳಿದರೂ ಹಸಿವಿಗೆ ತಿಳಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಗಸಿಯನ್ನು ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಬಹುದು.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ ಈ ಮೊಸರಿನವರ ಪಾಲಿಗೆ ವರ್ಷದ ಸಂತೆ. ಅಲ್ಲಿ ಕೊಂಡ ಹೊಸ ಕಾಯಿಯಲ್ಲಿ ನೀರಿನಂಶ ಹೆಚ್ಚಾಗಿರುವುದರಿಂದ ಮಹಡಿಯ ಮೇಲೆ ಚೆನ್ನಾಗಿ ಒಣಗಿಸಿಯೇ ಡಬ್ಬಿ ತುಂಬಬೇಕು. ಬೂಸಲು ಹಿಡಿದ, ಬಣ್ಣ ಕಪ್ಪಾದ ಬೀಜಗಳನ್ನು ಆರಿಸಿ ಬಿಸಾಡಬೇಕು; ಆ ಬೂಸಲಿನ ವಿಷ ಕುದಿಸಿದರೂ ಹೋಗುವುದಿಲ್ಲ.

ಮಜ್ಜಿಗೆಹುಳಿಗೆ ಈ ಮೊಸರು ಒಪ್ಪುತ್ತದೆ. ತಂಬುಳಿಗೆ ಇದರ ಅಗತ್ಯವೂ ಇಲ್ಲ: ಕಾಯಿಯ ಜೊತೆ ದೊಡ್ಡಪತ್ರೆಯನ್ನು ರುಬ್ಬಿ ಪುನರ್ಪುಳಿಯ ನೀರನ್ನೋ ನಿಂಬೆರಸವನ್ನೋ ಸೇರಿಸಿದರೆ ಆಯಿತು.

ಕಾಫಿ

ಸೋಯಾ ಹಾಲನ್ನು ಬಿಸಿ ಡಿಕಾಕ್ಷನ್ನಿಗೆ ಸುರಿದವರೆಲ್ಲ ಲೋಟದಲ್ಲಿ ಒಡೆದ ಚೂರುಗಳನ್ನು ನೋಡಿ ಬೇಸತ್ತಿರುತ್ತಾರೆ. ಕಾಫಿಯ ಹುಳಿಗುಣ ಮತ್ತು ಬಿಸಿ ಎರಡೂ ಸೇರಿ ಸೋಯಾದ ಪ್ರೋಟೀನನ್ನು ಒಡೆಯುತ್ತವೆ. ಹಾಲನ್ನು ಕುದಿಸದೆ ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ನನ್ನು ನಿಧಾನವಾಗಿ ಸುರಿಯುವುದು ಉಪಾಯ. ಓಟ್ಸ್ ಹಾಲು ಅಷ್ಟಾಗಿ ಒಡೆಯುವುದಿಲ್ಲ, ಆದರೆ ಪೊಟ್ಟಣದ ಬೆಲೆ ದನದ ಹಾಲಿನ ಹಲವು ಪಟ್ಟು. ನನ್ನ ತೀರ್ಮಾನ ಹಿಂದಿನವರದೇ: ಮಲೆನಾಡಿನ ಮನೆಗಳಲ್ಲಿ ಇಂದಿಗೂ ಕೊಡುವ, ಹಾಲಿಲ್ಲದ ಬೆಲ್ಲದ ಕಾಫಿ. ಹತ್ತು ದಿನ ಮುಖ ಕಿವುಚಿಕೊಂಡೇ ಕುಡಿದೆ; ಹನ್ನೊಂದನೆಯ ದಿನ ಕಿವುಚುವುದು ಮರೆತುಹೋಯಿತು.

ಹೋಟೆಲಿನ ಕಟ್ಟೆಯ ಮುಂದೆ

ದರ್ಶಿನಿಯಲ್ಲಿ ವೀಗನ್ ಎಂಬ ಪದವನ್ನು ಬಳಸಬೇಡಿ. ಅಲ್ಲಿ ಅದರ ಅರ್ಥ "ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು" ಎಂದಾಗಿಬಿಡುವ ಸಾಧ್ಯತೆ ಹೆಚ್ಚು. ಹೇಳಬೇಕಾದುದನ್ನು ಬಿಲ್ ಹಾಕುವವರಿಗಲ್ಲ, ಚೀಟಿ ಕೊಡುವಾಗ ಕಾವಲಿಯ ಮುಂದೆ ನಿಂತಿರುವವರಿಗೆ ಹೇಳಬೇಕು: "ಅಣ್ಣಾ, ತುಪ್ಪ ಬೆಣ್ಣೆ ಬೇಡ, ಎಣ್ಣೆ ಹಾಕಿ." ದೋಸೆಗೆ ಈ ಒಂದು ವಾಕ್ಯ ಸಾಕಾಗುತ್ತದೆ. ಇಡ್ಲಿ, ಪೂರಿಸಾಗು, ನೀರುದೋಸೆಗಳಿಗೆ ಸಾಮಾನ್ಯವಾಗಿ ಅದೂ ಬೇಕಿಲ್ಲ, ತಟ್ಟೆ ಇಡ್ಲಿಯ ಮೇಲಿನ ಬೆಣ್ಣೆಯನ್ನು ಮಾತ್ರ ತಡೆಯಬೇಕು. ಆದರೆ ಖಾರಾಬಾತ್, ಕೇಸರಿಬಾತ್, ಪೊಂಗಲ್ ಮೊದಲೇ ತುಪ್ಪದಲ್ಲಿ ಮಿಂದಿರುತ್ತವೆ; ಅವನ್ನು ಕೇಳಿ ಉಪಯೋಗವಿಲ್ಲ. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಎಂಟಿಆರ್‌ನಲ್ಲಿ ಹುಟ್ಟಿತೆಂದು ಹೇಳುವ ರವೆ ಇಡ್ಲಿಗೆ ಹದ ಕೊಡುವುದೇ ಮೊಸರು. ಇಂದಿರಾನಗರ, ಕೋರಮಂಗಲದ ಕಡೆ ವೀಗನ್ ತಿನಿಸಿನ ಕೆಫೆಗಳಿವೆ, ಹುಟ್ಟುಹಬ್ಬಕ್ಕೆ ಹೋಗಲು ಚೆನ್ನಾಗಿವೆ. ನಿತ್ಯದ ಬದುಕು ನಡೆಯುವುದು ದರ್ಶಿನಿಯಲ್ಲಿ ಮತ್ತು ಆಫೀಸಿನ ಡಬ್ಬಿಯಲ್ಲಿ.

ದೇಹಕ್ಕೆ ಬೇಕಾದದ್ದು

ಈ ಭಾಗವನ್ನು ಹಾರಿಸಿ ಓದುವವರೇ ಎರಡು ವರ್ಷಗಳ ನಂತರ "ನನಗೆ ಅದು ಆಗಿಬರಲಿಲ್ಲ" ಎಂದು ಹಾಲಿಗೆ ಮರಳುತ್ತಾರೆ. ಬಿ12 ಜೀವಸತ್ವವನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ನಂಬಿಕೆಯಿಟ್ಟು ತಿನ್ನಬಹುದಾದ ಯಾವ ಸಸ್ಯಾಹಾರದಲ್ಲೂ ಅದು ಸಾಕಷ್ಟು ಇಲ್ಲ. ಹುದುಗಿದ ಇಡ್ಲಿ ಹಿಟ್ಟಿನಲ್ಲಿದೆ, ಸ್ಪಿರುಲಿನಾದಲ್ಲಿದೆ ಎಂಬ ಮಾತುಗಳನ್ನು ನೆಚ್ಚಿಕೊಳ್ಳಬಾರದು. ದಿನಕ್ಕೆ ಬೇಕಾಗುವುದು ಎರಡರಿಂದ ಎರಡೂವರೆ ಮೈಕ್ರೊಗ್ರಾಂ ಮಾತ್ರ, ಆದರೆ ಅಷ್ಟು ಬೇಕೇ ಬೇಕು. ಯಕೃತ್ತಿನಲ್ಲಿ ವರ್ಷಗಳ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣಿಸಿಕೊಳ್ಳುತ್ತದೆ: ಕೈಕಾಲು ಜುಮುಗುಟ್ಟುವುದು, ಬಾಯಿಹುಣ್ಣು, ಕಾರಣವಿಲ್ಲದ ಆಯಾಸ, ಮರೆವು. ಸೊಪ್ಪು, ಕಾಳುಗಳಲ್ಲಿ ಹೇರಳವಾಗಿರುವ ಫೋಲೇಟ್ ರಕ್ತಹೀನತೆಯನ್ನು ಮುಚ್ಚಿಹಾಕುವುದರಿಂದ ನರಗಳಿಗೆ ಹಾನಿಯಾಗುವವರೆಗೂ ತಿಳಿಯದೇ ಹೋಗಬಹುದು. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೂ ಈ ಕೊರತೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿದೆ, ಹಾಗಾಗಿ ಹಾಲು ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದ ಮಾತ್ರೆಯನ್ನು ಶುರುಮಾಡಿ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್‌ನದಾಗಿರುವುದರಿಂದ ಗುಳಿಗೆಯನ್ನೇ ಕೇಳಿ ಪಡೆಯಬೇಕು. ಡಿ ಜೀವಸತ್ವದ ಡಿ3 ರೂಪ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಡಿ2 ಅಥವಾ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಇದೆಯೇ ಎಂದು ವಿಚಾರಿಸಬಹುದು. ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆಯಿಲ್ಲದೆ ಯಾವ ಬದಲಾವಣೆಯೂ ಬೇಡ.

ಕ್ಯಾಲ್ಸಿಯಂ ವಿಷಯದಲ್ಲಿ ಕನ್ನಡಿಗರು ಅದೃಷ್ಟವಂತರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ವಯಸ್ಕರಿಗೆ ದಿನಕ್ಕೆ ಬೇಕಾದುದು 1000 ಮಿಲಿಗ್ರಾಂ. ಒಂದು ಮುದ್ದೆ, ಒಂದು ಚಮಚ ಸಿಪ್ಪೆಸಹಿತ ಎಳ್ಳಿನ ಪುಡಿ, ನುಗ್ಗೆಸೊಪ್ಪಿನ ಪಲ್ಯ ಇವು ಸೇರಿದರೆ ದೊಡ್ಡ ಪಾಲು ತುಂಬುತ್ತದೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರ ಆಕ್ಸಲೇಟು ಬಿಟ್ಟುಕೊಡುವುದಿಲ್ಲ. ಕಡಲೆಕಾಯಿ ಮೊಸರು ಮೊಸರಿನ ರುಚಿಯನ್ನು ತುಂಬುತ್ತದೆಯೇ ಹೊರತು ಅದರ ಕ್ಯಾಲ್ಸಿಯಂ ಅನ್ನು ಅಲ್ಲ ಎಂಬುದನ್ನು ಮರೆಯಬಾರದು.

ಪ್ರೋಟೀನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಕೆಲವರೇ ಲೆಕ್ಕ ಹಾಕುತ್ತಾರೆ. ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 0.83 ಗ್ರಾಂ ಎಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ. ದೊಡ್ಡ ಗುಡ್ಡೆ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಇದನ್ನು ಮುಟ್ಟಲಾಗುವುದಿಲ್ಲ. ಒಣ ಸೋಯಾ ತುಂಡುಗಳು 30 ಗ್ರಾಂ ಇದ್ದರೆ 15 ಗ್ರಾಂ ಪ್ರೋಟೀನ್, ಒಂದು ಹಿಡಿ ಕಡಲೆಕಾಯಿಯಲ್ಲಿ ಏಳೆಂಟು ಗ್ರಾಂ. ಉಳಿದದ್ದನ್ನು ಮೊಳಕೆ ಹುರುಳಿ, ಹೆಸರು, ಗಟ್ಟಿ ತೊವ್ವೆಗಳು ತುಂಬಬೇಕು. ಕಬ್ಬಿಣದಂಶ ಹಿಡಿಯಬೇಕೆಂದರೆ ಕಾಳಿನ ಮೇಲೆ ನಿಂಬೆ ಹಿಂಡಿ, ಊಟದ ಬೆನ್ನಿಗೇ ಕಾಫಿ ಕುಡಿಯುವ ಚಟವನ್ನು ಒಂದು ಗಂಟೆ ಮುಂದೂಡಬೇಕು. ಒಮೆಗಾ-3ಕ್ಕೆ ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಗಿಂತ ರುಚಿಯಾದ ಔಷಧ ನನಗೆ ಗೊತ್ತಿಲ್ಲ. ಅಗಸೆಯನ್ನು ಪುಡಿಮಾಡಿಯೇ ತಿನ್ನಬೇಕು, ಇಡೀ ಬೀಜ ಬಂದ ಹಾಗೆಯೇ ಹೋಗಿಬಿಡುತ್ತದೆ.

ಮನೆಯವರು, ಮದುವೆಮನೆ

ಹೊಸದಾಗಿ ವೀಗನ್ ಆದವರು ಮಾಡುವ ದೊಡ್ಡ ತಪ್ಪು ಮನೆಗೆ ಬರುವ ಹಾಲಿನ ಪ್ಯಾಕೆಟ್ಟುಗಳನ್ನು ತಾವೇ ನಿಲ್ಲಿಸಲು ಹೋಗುವುದು. ಬಿಟ್ಟವರು ನೀವು, ಮನೆಯಲ್ಲ. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ, ಆ ಕರುವಿನ ಗತಿಯೇನು ಎಂಬ ಪ್ರಶ್ನೆಯನ್ನು ಕೇಳಿದವರಿಗೆ ಒಮ್ಮೆ ವಿವರಿಸಬಹುದು, ಬಡಿಸುವವರಿಗೆ ಊಟದ ನಡುವೆ ವಿವರಿಸಬಾರದು. ನನ್ನ ಅಜ್ಜಿ ಮೊದಲ ಆರು ತಿಂಗಳು, "ಒಂದು ತೊಟ್ಟು ತುಪ್ಪ ಹಾಕ್ಕೊಂಡ್ರೆ ಏನಾಗತ್ತೋ, ಹೀಗೆ ಒಣಗಿ ಹೋಗ್ತೀಯ" ಎಂದು ಮಿಳ್ಳೆ ಹಿಡಿದುಕೊಂಡು ಬರುತ್ತಿದ್ದರು. ವಾದದಿಂದ ಏನೂ ಆಗಲಿಲ್ಲ. ಅವರ ಮೊಣಕಾಲು ನೋವಿಗೆ ಎಳ್ಳೆಣ್ಣೆ ಹಚ್ಚುತ್ತ, ನನ್ನ ರಕ್ತಪರೀಕ್ಷೆಯ ಚೀಟಿಯಲ್ಲಿದ್ದ ಹಿಮೋಗ್ಲೋಬಿನ್ ಅಂಕಿಯನ್ನು ಓದಿ ಹೇಳಿದ ಮೇಲೆ ಮಿಳ್ಳೆ ನನ್ನ ತಟ್ಟೆಯನ್ನು ದಾಟಿ ಮುಂದೆ ಹೋಗತೊಡಗಿತು.

ಮದುವೆ ಊಟದಲ್ಲಿ ತೊವ್ವೆಯ ಹಿಂದೆಯೇ ತುಪ್ಪದವರು ಬರುತ್ತಾರೆ, ಅವರ ಕೈ ವೇಗಕ್ಕೆ ಮಾತು ಸಾಲದು. ಅನ್ನ ಬಿದ್ದ ಕೂಡಲೇ ಬಲಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯುವುದು ಎಲ್ಲರೂ ಒಪ್ಪುವ, ಯಾರಿಗೂ ನೋವಾಗದ ನಿರಾಕರಣೆ. ಕೋಸಂಬರಿ, ಪಲ್ಯ, ಸಾರು, ಹಪ್ಪಳಗಳಲ್ಲಿಯೇ ಹೊಟ್ಟೆ ತುಂಬುತ್ತದೆ. ಬೇಕಿದ್ದರೆ ಕೋಸಂಬರಿಯನ್ನು ಎರಡನೆಯ ಸಲ ಕೇಳಲು ಸಂಕೋಚ ಬೇಡ. ದೇವಸ್ಥಾನದಲ್ಲಿ ಪಂಚಾಮೃತ ಕೊಟ್ಟರೆ ಕಣ್ಣಿಗೊತ್ತಿಕೊಂಡು ಪಕ್ಕದವರ ಅಂಗೈಗೆ ದಾಟಿಸುವುದು ನನ್ನ ರೂಢಿ. ಹಾಗೆ ಮಾಡಲು ಮನಸ್ಸೊಪ್ಪದವರು ಆ ಒಂದು ಹನಿಯನ್ನು ಸ್ವೀಕರಿಸಿದರೆ ನಾನು ಅವರನ್ನು ವೀಗನ್ ಪಟ್ಟಿಯಿಂದ ತೆಗೆದುಹಾಕುವುದಿಲ್ಲ.

ಬಟ್ಟೆಬರೆಯ ಮಾತು ಚಿಕ್ಕದು. ನಮ್ಮ ನೆರೆಯ ರಾಮನಗರದ ಮಾರುಕಟ್ಟೆಗೆ ರಾಶಿರಾಶಿಯಾಗಿ ಬರುವ ರೇಷ್ಮೆಗೂಡುಗಳನ್ನು ಒಳಗಿನ ಹುಳುವಿನ ಸಮೇತ ಬಿಸಿಗೆ ಒಡ್ಡಿಯೇ ನೂಲು ತೆಗೆಯುತ್ತಾರೆ, ಆದ್ದರಿಂದ ಹೊಸ ರೇಷ್ಮೆಯನ್ನೂ ಚರ್ಮದ ಚಪ್ಪಲಿಯನ್ನೂ ಕೊಳ್ಳುವುದು ನಿಲ್ಲುತ್ತದೆ. ಅಮ್ಮನ ಹಳೆಯ ಮೈಸೂರು ರೇಷ್ಮೆ ಸೀರೆಯನ್ನು ಬಿಸಾಡಬೇಕೆಂದು ಯಾರೂ ಹೇಳುವುದಿಲ್ಲ.

ತಪ್ಪುವುದು ಇದ್ದೇ ಇದೆ. ಒಂದು ಗೃಹಪ್ರವೇಶದಲ್ಲಿ ಕಾಯಿಹಾಲಿನದೆಂದು ಹೇಳಿ ಬಡಿಸಿದ ಶಾವಿಗೆ ಪಾಯಸವನ್ನು ಎರಡು ಲೋಟ ಕುಡಿದ ಮೇಲೆ ಅದರಲ್ಲಿ ಹಾಲಿನ ಕೆನೆ ಕಂಡಿತು. ಆ ದಿನ ಉಪವಾಸ ಕೂರಲಿಲ್ಲ, ಹೇಗೂ ಕೆಟ್ಟಿತಲ್ಲ ಎಂದು ಸಂಜೆ ಬೆಣ್ಣೆ ದೋಸೆಗೂ ಹೋಗಲಿಲ್ಲ. ರಾತ್ರಿ ಎಂದಿನಂತೆ ಮುದ್ದೆ, ಉಪ್ಪುಸಾರು ಉಂಡೆ. ಊರಿಗೆ ಹೋಗಿ ವಾರಗಟ್ಟಲೆ ಇರಬೇಕಾದಾಗ ನಿಜವಾಗಿ ತಪ್ಪುವುದು ಮೊಸರು. ಹೊರಡುವ ಹಿಂದಿನ ದಿನ ಎರಡು ಚಮಚ ಕಡಲೆಕಾಯಿ ಮೊಸರನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಹೆಪ್ಪು ಉಳಿಯುತ್ತದೆ. ಅದಕ್ಕಿಂತ ತಡವಾಗಿ ಮರಳಿದರೆ ಆ ಡಬ್ಬಿಯನ್ನು ತೊಳೆದಿಟ್ಟು, ಹತ್ತು ಹಸಿಮೆಣಸಿನಕಾಯಿ ತಂದು ತೊಟ್ಟು ಕೀಳಬೇಕು.